ಚೆಂಡು ಬಿಟ್ಟು ಡಿಫೆಂಡರನ್ನು ನೋಡಿ

ಹುಲಿಕೆರೆ, ಹಳೇಬೀಡು, ಜಾವಗಲ್ ಕಡೆ ಆಟ ಎಂದರೆ ಮೊದಲು ಕ್ರಿಕೆಟ್ಟು, ಆಮೇಲೆ ಕಬಡ್ಡಿ. ಜಾವಗಲ್ಲಿನ ಹೆಸರನ್ನು ಶ್ರೀನಾಥ್ ಊರೂರಿಗೆ ಮುಟ್ಟಿಸಿದ ಮೇಲಂತೂ ಕ್ರಿಕೆಟ್ಟಿನದೇ ದರ್ಬಾರು. ಫುಟ್‌ಬಾಲ್ ಇಲ್ಲಿನ ಹುಡುಗರಿಗೆ ಸಿಕ್ಕಿರುವುದು ಹೆಚ್ಚಾಗಿ ಮೊಬೈಲಿನಲ್ಲಿ. ಹೊಸದಾಗಿ ನೋಡುವವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಗೋಲು ಹೊಡೆದವನ ಹೆಸರಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಗೋಲು ಆಗದಂತೆ ನೋಡಿಕೊಂಡವರ ಆಟ ಕಣ್ಣಿಗೇ ಬೀಳುವುದಿಲ್ಲ. ನನ್ನ ಮಟ್ಟಿಗೆ ಫುಟ್‌ಬಾಲಿನ ನಿಜವಾದ ರುಚಿ ಇರುವುದು ಅಲ್ಲೇ.

ಕಬಡ್ಡಿ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಕಾರ್ನರಿನಲ್ಲಿ ನಿಂತ ಒಳ್ಳೆಯ ಆಟಗಾರ ರೈಡರ್ ಬಂದ ಕೂಡಲೇ ಮೈಮೇಲೆ ಬೀಳುವುದಿಲ್ಲ. ಅವನ ಕಾಲಿನ ಮೇಲೆ ಕಣ್ಣಿಟ್ಟು, ಜೊತೆಗಾರನ ಕೈ ಬಿಡದೆ, ಹಿಂದೆ ಸರಿಯುತ್ತಾ ಕಾಯುತ್ತಾನೆ. ಬೋನಸ್ಸಿಗೆಂದು ಕಾಲು ಚಾಚಿದ ಗಳಿಗೆಯಲ್ಲಿ ಹಿಮ್ಮಡಿಗೆ ಕೈ ಹಾಕುತ್ತಾನೆ. ಫುಟ್‌ಬಾಲಿನಲ್ಲಿ ಹಿಂಬದಿಯ ನಡುವೆ ನಿಲ್ಲುವ ಸೆಂಟರ್ ಬ್ಯಾಕ್ ಮಾಡುವುದೂ ಅದನ್ನೇ, ಕೈ ಬಳಸದೆ.

ಪಂದ್ಯ ಶುರುವಾದಾಗ ಒಬ್ಬ ಡಿಫೆಂಡರನ್ನು ಆರಿಸಿಕೊಂಡು ಹತ್ತು ನಿಮಿಷ ಅವನನ್ನೇ ನೋಡಿ. ಚೆಂಡು ಆ ಕಡೆಯ ತುದಿಯಲ್ಲಿದ್ದಾಗಲೂ ಅವನ ಕತ್ತು ಸುಮ್ಮನಿರುವುದಿಲ್ಲ, ಬೆನ್ನ ಹಿಂದೆ ಯಾರು ನುಸುಳುತ್ತಿದ್ದಾರೆಂದು ಮತ್ತೆ ಮತ್ತೆ ತಿರುಗುತ್ತದೆ. ಎದುರಾಳಿ ಚೆಂಡು ತಂದಾಗ ನೇರ ಎದೆಯೊಡ್ಡದೆ ಓರೆಯಾಗಿ, ಒಂದು ಕಾಲು ಹಿಂದಿಟ್ಟು ನಿಲ್ಲುತ್ತಾನೆ. ಮೈದಾನದ ಅಂಚಿನ ದಾರಿಯನ್ನು ತೆರೆದಿಟ್ಟು ಗೋಲಿನ ದಾರಿ ಮುಚ್ಚುವ ನಿಲುವು ಅದು. ನೆಲಕ್ಕೆ ಜಾರಿ ಮಾಡುವ ಟ್ಯಾಕಲ್‌ಗೆ ಜನ ಕೇಕೆ ಹಾಕುತ್ತಾರೆ. ಆದರೆ ಎಷ್ಟೋ ಸಲ ಅದು ಒಂದು ಹೆಜ್ಜೆ ತಡವಾದವನ ಕೊನೆಯ ಉಪಾಯ. ಜಾಣ ಡಿಫೆಂಡರ್‌ನ ಚಡ್ಡಿಗೆ ಮಣ್ಣು ಹತ್ತುವುದು ಕಡಿಮೆ. ಇನ್ನು ಹಿಂದಿನ ನಾಲ್ವರೂ ಒಂದೇ ಸಾಲಾಗಿ ಮುಂದೆ ಹಿಂದೆ ಸರಿಯುವುದನ್ನು ಗಮನಿಸಿ. ಎದುರಾಳಿಯನ್ನು ತಮ್ಮ ಸಾಲಿನಾಚೆ ಬಿಟ್ಟು, ಅವನಿಗೆ ಬರುವ ಚೆಂಡು ನಿಯಮಬಾಹಿರವಾಗುವಂತೆ ಮಾಡುವ ಆಫ್‌ಸೈಡ್ ಬಲೆ ಅಂದರೆ ಅದೇ. ಒಬ್ಬ ಅರೆಗಳಿಗೆ ಹಿಂದೆ ಉಳಿದರೂ ಬಲೆ ಹರಿಯಿತು.

ಈ ಕಲೆಯ ಬೆಲೆ ತಿಳಿಯಲು ನಾನು ಹೇಳುವ ಪಂದ್ಯ ಶಾಂತಸಾಗರದ ದ್ವೀಪಗಳದ್ದು. ಆಗ ಐವತ್ತು-ಅರವತ್ತು ಸಾವಿರ ಜನರಿದ್ದ ಅಮೆರಿಕನ್ ಸಮೋವಾ 2001ರ ಏಪ್ರಿಲ್ 11ರಂದು ಆಸ್ಟ್ರೇಲಿಯಾದ ಎದುರು 31-0ಯಿಂದ ಸೋತಿತ್ತು. ಫಿಫಾ ಮಾನ್ಯತೆಯ ಅಂತರರಾಷ್ಟ್ರೀಯ ಫುಟ್‌ಬಾಲಿನಲ್ಲಿ ಅಷ್ಟು ದೊಡ್ಡ ಸೋಲು ಬೇರೆ ಯಾರಿಗೂ ಆಗಿಲ್ಲ. ಹತ್ತು ವರ್ಷ ಕಳೆದು, 2011ರ ನವೆಂಬರ್ 22ರಂದು ಸಮೋವಾದ ಅಪಿಯಾದಲ್ಲಿ ಅದೇ ತಂಡ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಟೋಂಗಾವನ್ನು 2-1ರಿಂದ ಸೋಲಿಸಿತು. ಫಿಫಾ ಮಾನ್ಯತೆಯ ಪಂದ್ಯದಲ್ಲಿ ಅದರ ಮೊದಲ ಗೆಲುವು. ತರಬೇತುದಾರ ಥಾಮಸ್ ರೊಂಗೆನ್ ಹಿಂಬದಿಯ ನಡುವೆ ನಿಲ್ಲಿಸಿದ್ದು ಜೈಯಾ ಸಾಯೆಲುವಾ ಅವರನ್ನು. ಗಂಡಾಗಿ ಹುಟ್ಟಿ ಹೆಣ್ಣಿನಂತೆ ಬದುಕುವವರಿಗೆ ಸಮೋವಾದ ಸಂಪ್ರದಾಯದಲ್ಲಿ ತಮ್ಮದೇ ಸ್ಥಾನವಿದೆ, ಅವರನ್ನು ಫಾಫಾಫಿನೆ ಎನ್ನುತ್ತಾರೆ. ಜೈಯಾ ಅವರಲ್ಲೊಬ್ಬರು. ಜೋಗತಿ ಪರಂಪರೆಯನ್ನೂ ಮಂಜಮ್ಮ ಜೋಗತಿಯವರನ್ನೂ ಬಲ್ಲ ಕನ್ನಡಿಗರಿಗೆ ಇದು ತೀರಾ ಅಪರಿಚಿತ ಲೋಕವಲ್ಲ. ಪುರುಷರ ವಿಶ್ವಕಪ್ ಅರ್ಹತಾ ಪಂದ್ಯ ಆಡಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಆಟಗಾರ್ತಿ ಎಂದು ಜಗತ್ತು ಅವರನ್ನು ಗುರುತಿಸಿತು.

ಆ ಹೆಗ್ಗಳಿಕೆ ದೊಡ್ಡದೇ. ಆದರೆ ರಸಿಕರು ಅಲ್ಲಿಗೇ ನಿಲ್ಲದೆ ಅವರ ಆಟವನ್ನೂ ನೋಡಬೇಕು. ಟೋಂಗಾ 88ನೇ ನಿಮಿಷದಲ್ಲಿ ಒಂದು ಗೋಲು ತೀರಿಸಿ ಮೈಮೇಲೆ ಏರಿ ಬಂತು. ಗೆಲುವೇ ಕಾಣದ ತಂಡ ಅಂಥ ಹೊತ್ತಿನಲ್ಲಿ ಚದುರಿಹೋಗುವುದು ಸಹಜ, ಎಲ್ಲರೂ ಚೆಂಡಿನತ್ತ ನುಗ್ಗುತ್ತಾರೆ, ಗೋಲಿನ ಬಾಯಿ ಬರಿದಾಗುತ್ತದೆ. ಜೈಯಾ ಜಾಗ ಬಿಡಲಿಲ್ಲ. ಗೋಲಿನತ್ತ ಹೊರಟಿದ್ದ ಚೆಂಡನ್ನು ಕೊನೆಗಳಿಗೆಯಲ್ಲಿ ಆಚೆ ಅಟ್ಟಿದರು. 31 ಗೋಲು ಬಿಟ್ಟುಕೊಟ್ಟಿದ್ದ ಗೋಲ್‌ಕೀಪರ್ ನಿಕಿ ಸಲಾಪು ಅಂದೂ ಅವರ ಹಿಂದೆಯೇ ನಿಂತಿದ್ದರು. ಈ ಕಥೆಯನ್ನು 2014ರ ಸಾಕ್ಷ್ಯಚಿತ್ರ ‘ನೆಕ್ಸ್ಟ್ ಗೋಲ್ ವಿನ್ಸ್’ ಹಿಡಿದಿಟ್ಟಿದೆ. ತಪ್ಪದೆ ನೋಡಿ.

ನಮ್ಮಲ್ಲೂ ಹೀಗೆ ಹಿಂಬದಿ ಕಾಯುವವರ ಪರಂಪರೆ ಉಂಟು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದ ಭಾರತ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಡಿಫೆಂಡರುಗಳ ಮುಂದಿನ ಸಾಲಿನ ಹಾಫ್‌ಬ್ಯಾಕ್ ಆಗಿದ್ದರು. ಅಂದು ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಹೆಸರು ಬಲ್ಲವರಲ್ಲಿ ಕೆಂಪಯ್ಯನವರನ್ನು ಬಲ್ಲವರು ಎಷ್ಟು ಮಂದಿ? 2019ರ ಮಾರ್ಚ್ 17ರಂದು ಗೋವಾ ಎದುರಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಪ್ರಶಸ್ತಿ ತಂದ ಏಕೈಕ ಗೋಲು ಕೂಡ ಡಿಫೆಂಡರ್ ರಾಹುಲ್ ಭೇಕೆ ಅವರದ್ದು, 117ನೇ ನಿಮಿಷದ ಹೆಡರ್. ಅವರೂ ನೆನಪಿನಲ್ಲಿ ಉಳಿದಿರುವುದು ಗೋಲು ಹೊಡೆದದ್ದಕ್ಕೇ.

ಹಾಗಾಗಿ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ಓಡಲಾರದ, ಆಟ ಬಾರದ ಮಗುವನ್ನು ‘ಹಿಂದೆ ನಿಂತ್ಕೋ ಹೋಗು’ ಎಂದು ಅಟ್ಟುವ ರೂಢಿ ಬಿಡಿ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಟ ಓದಬಲ್ಲ ಮಗುವನ್ನು ಹುಡುಕಿ ಆ ಜಾಗ ಕೊಡಿ, ಯಾಕೆ ಕೊಟ್ಟಿರಿ ಎಂಬುದನ್ನೂ ಅದಕ್ಕೆ ಹೇಳಿ.