ಏಳು ಮನೆಯ ಬೆಕ್ಕು, ಯಾರದೂ ಅಲ್ಲದ ಮರಿ

ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕಾರ್ಮಿಕರ ಲೈನುಗಳಲ್ಲಿ ನಿಂತು ಈ ಮಾತನ್ನು ನೆನೆದರೆ ಅದರ ತೂಕವೇ ಬೇರೆ. ಕೋಲಾರದ ಗಣಿಗಳು ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟವು. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದಿಂದ ಅದನ್ನು ಮೇಲೆತ್ತಿದವರ ಮನೆಯಲ್ಲಿ ಬೆಕ್ಕಿನ ಉಗುರಿನಷ್ಟು ಚಿನ್ನ ಉಳಿದಿದ್ದರೆ ಅದೇ ಹೆಚ್ಚು. ಅಂಥ ಪ್ರಾಯಶ್ಚಿತ್ತ ಯಾರ ಕೈಗೂ ಎಟುಕದು. ಆ ಭಯವೂ ಇದೆ, ಅದಕ್ಕಿಂತ ಮಿಗಿಲಾದ ಪ್ರೀತಿಯೂ ಇದೆ. ಎರಡೂ ಸೇರಿ ಇಲ್ಲಿ ಬೆಕ್ಕು ಸಾಕುವ ಒಂದು ರೂಢಿ ಬೆಳೆದಿದೆ. ಅದನ್ನು ಬರಿದೆ ಹೊಗಳಿ ಬಿಡದೆ, ಒಳಹೊಕ್ಕು ನೋಡಬೇಕು ಎನ್ನಿಸುತ್ತದೆ.

ಲೈನು ಮನೆಗಳೆಂದರೆ ಗೋಡೆಗೆ ಗೋಡೆ ಅಂಟಿಕೊಂಡ, ಮಾಡು ತಗ್ಗಿದ, ಒಂದೋ ಎರಡೋ ಕೋಣೆಯ ಸಾಲುಮನೆಗಳು. ಮನುಷ್ಯರಿಗೆ ಇಕ್ಕಟ್ಟಾದ ಈ ಕಟ್ಟಡ ಬೆಕ್ಕಿಗೆ ಒಂದೇ ಉದ್ದನೆಯ ಮನೆ. ಮಾಡಿನ ಮೇಲೆ ಹೊರಟರೆ ಸಾಲಿನ ಕೊನೆಯವರೆಗೂ ಅದಕ್ಕೆ ಅಡ್ಡಿಯಿಲ್ಲ. ಒಂದು ಬಾಗಿಲಲ್ಲಿ ಮೀನಿನ ಸಾರು ಕಲಸಿದ ಅನ್ನ, ಮತ್ತೊಂದರಲ್ಲಿ ಹಾಲು, ಮೂರನೆಯದರಲ್ಲಿ ಗೋಣಿತಾಟಿನ ಮೇಲೆ ನಿದ್ದೆ, ಹೆರಿಗೆ ಇನ್ಯಾರದೋ ಅಟ್ಟದಲ್ಲಿ. ತಮಿಳಿನಲ್ಲಿ ಕರೆದರೂ ಬರುತ್ತದೆ, ತೆಲುಗು, ಕನ್ನಡ, ಉರ್ದುವಿನಲ್ಲಿ ಕರೆದರೂ ಬರುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರಲ್ಲ, ಲೈನಿನಲ್ಲಿ ಅದು ಅಕ್ಷರಶಃ ನಡೆಯುತ್ತದೆ. ಆ ಏಳು ಮನೆಯವರೂ ತಾಯಿಬೆಕ್ಕಿನ ಹೆಜ್ಜೆ ಗುರುತಿಸಬಲ್ಲರು.

ಈ ರೂಢಿಯ ಬೇರು ಊರಿನ ಚರಿತ್ರೆಯಲ್ಲೇ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. 2001ರ ಫೆಬ್ರವರಿ 28ರಂದು ಎಲ್ಲವೂ ಮುಚ್ಚಿತು. ಇಷ್ಟು ಕಾಲವೂ ಮನೆ ಕಂಪನಿಯದು, ವಾಸ ಮಾತ್ರ ಕಾರ್ಮಿಕನದು. ಮೂರು ತಲೆಮಾರು ಒಂದೇ ಕೋಣೆಯಲ್ಲಿ ಹುಟ್ಟಿ ಸತ್ತರೂ ಅದು ತಮ್ಮದೆಂದು ಹೇಳಲು ಕಾಗದವಿರಲಿಲ್ಲ. ಇಂಥ ಬದುಕಿನಲ್ಲಿ ಬೆಕ್ಕನ್ನು 'ನನ್ನದು' ಎನ್ನದೆಯೇ ತುತ್ತು ಕೊಡುವ ಗುಣ ಬೆಳೆದದ್ದು ಸಹಜ. ನೀರಿನ ನಲ್ಲಿ ಎಲ್ಲರದು, ಹಬ್ಬ ಎಲ್ಲರದು, ಬೆಕ್ಕೂ ಎಲ್ಲರದು. ಸಾಕುಪ್ರಾಣಿಗೆ ಬೆಲೆ ಕಟ್ಟಿ, ತಳಿ ನೋಡಿ ಕೊಳ್ಳುವ ಇಂದಿನ ನಗರದ ಪ್ರೀತಿಗಿಂತ ಇದನ್ನು ನಾನು ಮೇಲೆ ಇಡುತ್ತೇನೆ. ಒಡೆತನ ಕೇಳದೆ ಹಸಿವನ್ನಷ್ಟೇ ನೋಡುವ ದಯೆ ಅಪರೂಪದ್ದು.

ಬೆಕ್ಕು ಇಲ್ಲಿ ಉಪಕಾರಿಯೂ ಹೌದು. 1898ರಲ್ಲಿ ರೈಲಿನ ಹಾದಿ ಹಿಡಿದು ಬೆಂಗಳೂರಿಗೆ ಬಂದ ಪ್ಲೇಗು ಗಣಿ ಪ್ರದೇಶವನ್ನೂ ಬಿಡಲಿಲ್ಲ. ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಜನ, ಧಾನ್ಯ, ಇಲಿ ಒಟ್ಟಿಗೇ ಇದ್ದ ಕಾಲ ಅದು. ಹತ್ತು ವರ್ಷದ ಮೇಲೆ, 1908ರಲ್ಲಿ, ಅಮರಾವತಿ ಕಡೆ ಕೆಲಸ ಮಾಡಿದ ಬುಕಾನನ್ ಎಂಬ ಸರ್ಕಾರಿ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೆಕ್ಕುಗಳನ್ನು ಪ್ಲೇಗ್ ತಡೆಯುವವು ಎಂದು ಕರೆದು ಲೇಖನ ಬರೆದರು. ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ರೋಗ ಕಡಿಮೆ ಎಂಬುದು ಅವರ ವಾದ. ಬೆಕ್ಕಿಗೂ ಪ್ಲೇಗ್ ತಗಲುತ್ತದೆಂದು ಈಗ ಗೊತ್ತಿರುವುದರಿಂದ ಆ ವಾದವನ್ನು ಪೂರ್ತಿ ಒಪ್ಪಲಾಗದು. ಆದರೂ ಅಕ್ಕಿ ಡಬ್ಬದ ಸುತ್ತ ಇಲಿ ಸುಳಿಯದಂತೆ ಕಾಯುವ ಕೆಲಸವನ್ನು ಲೈನಿನ ಬೆಕ್ಕು ಇಂದಿಗೂ ಮಾಡುತ್ತಿದೆ.

ಉತ್ತರ ಆಫ್ರಿಕದ ಊರುಗಳಲ್ಲಿಯೂ ಬೀದಿಬೆಕ್ಕಿಗೆ ಇಂಥದೇ ಸಲಿಗೆಯಿದೆ. ಮೊರಾಕ್ಕೊದ ಎಸ್ಸಾವೀರಾ ಬಂದರಿನಲ್ಲಿ ಮೀನುಗಾರರ ಬಲೆಗಳ ನಡುವೆಯೇ ಬೆಕ್ಕುಗಳ ಸಂಸಾರ. ಬೆಕ್ಕು ಅಶುದ್ಧವಲ್ಲ, ಅದು ಮನೆಯೊಳಗೆ ಓಡಾಡಿಕೊಂಡಿರುವ ಜೀವ ಎಂಬ ಪ್ರವಾದಿಯವರ ನಿಲುವು ಅಲ್ಲಿ ಮಸೀದಿಯ ಜಗುಲಿಯನ್ನೂ ಅದಕ್ಕೆ ತೆರೆದಿಟ್ಟಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಕೈರೋದ ಒಂದು ಪ್ರಸಂಗ. ಹದಿಮೂರನೆಯ ಶತಮಾನದ ಸುಲ್ತಾನ್ ಬೈಬರ್ಸ್ ಬೆಕ್ಕುಗಳ ಹೆಸರಿಗೇ ಒಂದು ತೋಟವನ್ನು ದತ್ತಿ ಬಿಟ್ಟಿದ್ದನಂತೆ. ಕಾಲ ಕಳೆದು ತೋಟ ಕೈಬದಲಾಯಿತು, ಹುಟ್ಟುವಳಿ ಕರಗಿತು. ಆದರೂ 1830ರ ದಶಕದಲ್ಲಿ ಕೈರೋದಲ್ಲಿದ್ದ ಎಡ್ವರ್ಡ್ ಲೇನ್ ಬರೆದಿರುವಂತೆ, ಖಾಜಿಯ ನ್ಯಾಯಾಲಯದ ಅಂಗಳದಲ್ಲಿ ದಿನಾ ಮಧ್ಯಾಹ್ನದ ಮೇಲೆ ಬೆಕ್ಕುಗಳಿಗೆ ಆಹಾರ ಬೀಳುತ್ತಿತ್ತು. ದಯೆ ಅಲ್ಲಿ ಯಾವುದೋ ಒಂದು ಮನೆಯ ಅಜ್ಜಿಯ ಆಯಸ್ಸಿಗೆ ಕಟ್ಟುಬಿದ್ದಿರಲಿಲ್ಲ. ಹೊಣೆ ಒಂದು ಪದವಿಗೆ ಅಂಟಿಕೊಂಡಿತ್ತು, ಖಾಜಿ ಬದಲಾದರೂ ಅದು ಬದಲಾಗಲಿಲ್ಲ.

ನಮ್ಮ ಲೈನಿನ ರೂಢಿ ಸೋಲುವುದು ಇಲ್ಲಿಯೇ. ತುತ್ತು ಎಲ್ಲರದು, ಹೊಣೆ ಯಾರದೂ ಅಲ್ಲ. ಹೆಣ್ಣುಬೆಕ್ಕು ಆರು ತಿಂಗಳಿಗೆ ಬೆದೆಗೆ ಬರುತ್ತದೆ, ಒಂಬತ್ತು ವಾರ ಗರ್ಭ, ವರ್ಷಕ್ಕೆ ಎರಡು ಮೂರು ಸೂಲು. ಮೊದಲ ಸೂಲಿನ ಮರಿಗಳಿಗೆ ಮಕ್ಕಳು ಹೆಸರಿಡುತ್ತಾರೆ. ಮೂರನೆಯ ಸೂಲಿನ ಹೊತ್ತಿಗೆ ಗೋಣಿಚೀಲ ಹೊರಬರುತ್ತದೆ. ಇನ್ನೂ ಹಾಲು ಬಿಡದ ಮರಿಗಳನ್ನು ಚೀಲಕ್ಕೆ ತುಂಬಿ ಮಾರ್ಕೆಟ್ಟಿನ ಹಿಂದೆಯೋ, ರೈಲು ಹಳಿಯ ಆಚೆಗೋ, ಗಣಿಯ ತ್ಯಾಜ್ಯಮಣ್ಣಿನ ಸೈನೈಡ್ ದಿಬ್ಬದ ಕಡೆಗೋ ಬಿಟ್ಟು ಬರುತ್ತಾರೆ. ಅದರಲ್ಲೂ ಹೆಣ್ಣುಮರಿ ಎಂದರೆ ಯೋಚನೆಯೇ ಇಲ್ಲ. 'ಕೊಂದಿಲ್ಲವಲ್ಲ, ಬಿಟ್ಟು ಬಂದೆವು, ಎಲ್ಲೋ ಬದುಕಿಕೊಳ್ಳುತ್ತದೆ' ಎಂಬ ಸಮಾಧಾನ. ಹಾಲು ಬಿಡದ ಮರಿ ತಾಯಿಯಿಲ್ಲದೆ ಬಯಲಲ್ಲಿ ಬದುಕುವುದು ತೀರ ಅಪರೂಪ. ನಾಯಿ, ಹದ್ದು, ಚಳಿ, ಹಸಿವು, ಇವುಗಳಲ್ಲಿ ಯಾವುದು ಮೊದಲು ಎಂಬುದಷ್ಟೇ ಬಾಕಿ. ಚಿನ್ನದ ಬೆಕ್ಕಿನ ನಂಬಿಕೆ ಕೈಯಿಂದ ಮಾಡಿದ ಕೊಲೆಯನ್ನು ತಡೆಯಿತು, ಚೀಲದಿಂದ ಮಾಡುವುದನ್ನು ತಡೆಯಲಿಲ್ಲ. ಒಳ್ಳೆಯ ಜನ, ತಮ್ಮ ತಟ್ಟೆಯ ಮೀನು ಬೆಕ್ಕಿಗೆ ಎತ್ತಿಡುವ ಜನ, ಇದನ್ನು ಮಾಡುತ್ತಾರೆ ಎಂಬುದೇ ನೋವಿನ ಸಂಗತಿ. ಬೇರೆ ದಾರಿಯನ್ನು ಯಾರೂ ಅವರಿಗೆ ತೋರಿಸಿಲ್ಲ.

ಉಣಿಸುವುದರಲ್ಲೂ ತಿದ್ದಿಕೊಳ್ಳಬೇಕಾದ್ದಿದೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ ಎಂದು 1970–80ರ ದಶಕಗಳ ಸಂಶೋಧನೆ ತೋರಿಸಿಕೊಟ್ಟಿತು. ಹಾಲನ್ನದ ಪುಣ್ಯಕ್ಕಿಂತ ಮೀನಿನ ತಲೆಯೇ ಬೆಕ್ಕಿಗೆ ಹಿತ. ಈ ವಿಷಯದಲ್ಲಿ ಚಾಂಪಿಯನ್ ರೀಫ್ಸ್‌ನ ಅಡುಗೆಮನೆಗಳು ಎಷ್ಟೋ ಊರುಗಳಿಗಿಂತ ಮುಂದಿವೆ.

ಗಣಿ ಮುಚ್ಚಿದ ಮೇಲೆ ಈ ರೂಢಿ ಇನ್ನಷ್ಟು ತೆಳುವಾಗಿದೆ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಬಂಗಾರಪೇಟೆ ದಾಟಿ ಬೆಂಗಳೂರು ಸೇರುವ ರೈಲಿಗೆ ಜನ ಕತ್ತಲಲ್ಲೇ ಮನೆ ಬಿಡುತ್ತಾರೆ, ಮರಳುವುದು ರಾತ್ರಿ. ಹಗಲಿಡೀ ಬೀಗ. ಬೆಕ್ಕಿನ ಪಾಲಿಗೆ ಉಳಿದಿರುವುದು ಮನೆಯಲ್ಲಿರುವ ಮುದುಕರು ಮಾತ್ರ. ಅವರು ಪಿಂಚಣಿಯಲ್ಲೋ ಮಕ್ಕಳ ದುಡಿಮೆಯಲ್ಲೋ ದಿನ ದೂಡುವವರು. ಇಡೀ ಲೈನಿನ ಬೆಕ್ಕುಗಳ ಭಾರ ಅವರ ಮೇಲೆ ಬೀಳುವುದು ನ್ಯಾಯವಲ್ಲ.

ಕಾನೂನು ಇಲ್ಲವೆಂದಲ್ಲ. ಒಡೆಯರಿಲ್ಲದೆ ಒಂದು ಬಡಾವಣೆಯಲ್ಲಿ ಹುಟ್ಟಿದ ಪ್ರಾಣಿಯನ್ನು ಸಮುದಾಯದ ಪ್ರಾಣಿ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಗುರುತಿಸಿವೆ. ಅದಕ್ಕೆ ಆಹಾರದ ಏರ್ಪಾಡು ನಿವಾಸಿಗಳ ಸಂಘದ ಅಥವಾ ಸ್ಥಳೀಯ ಸಂಸ್ಥೆಯ ಹೊಣೆ ಎನ್ನುತ್ತವೆ. ಲೈನಿನವರು ಹೇಳದೆಯೇ ನಡೆಸಿಕೊಂಡು ಬಂದದ್ದನ್ನೇ ಕಾಗದ ಈಗ ಹೇಳುತ್ತಿದೆ. ಆದರೆ ಚರ್ಚೆ, ದುಡ್ಡು, ಬಲೆ, ವ್ಯಾನು ಎಲ್ಲವೂ ನಾಯಿಯ ಸುತ್ತ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಾರ್ಡಿಗೊಂದು ಆಹಾರದ ಜಾಗ ಗುರುತಿಸಿ ಎಂದದ್ದೂ ನಾಯಿಗಳಿಗಾಗಿಯೇ. ಕಚ್ಚುವ ಭಯ ಕಡಿಮೆಯಾದ್ದರಿಂದ ಬೆಕ್ಕು ಲೆಕ್ಕಕ್ಕೆ ಬರುವುದಿಲ್ಲ. ರೇಬಿಸ್ ಮಾತ್ರ ಬೆಕ್ಕಿನ ಪರಚು, ಕಡಿತದಿಂದಲೂ ಬರಬಹುದು, ಮಕ್ಕಳಿರುವ ಸಾಲಿನಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಮಾಡಬೇಕಾದ್ದು ದೊಡ್ಡದಲ್ಲ. ಪ್ರತಿ ಲೈನಿಗೂ ತನ್ನ ಹೆಣ್ಣುಬೆಕ್ಕುಗಳು ಯಾವುವು, ಎಷ್ಟು ಎಂದು ಗೊತ್ತು. ಹೊರಗಿನ ಯಾವ ಸಮೀಕ್ಷೆಗೂ ಸಿಗದ ಲೆಕ್ಕ ಅದು. ಅವನ್ನು ಪಶು ಆಸ್ಪತ್ರೆಗೆ ಒಯ್ದು ಸಂತಾನಹರಣ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಅದೇ ಮಾಡಿನ ಮೇಲೆ ಬಿಡಬೇಕು. ಬುಟ್ಟಿಯಲ್ಲಿ ಹಿಡಿಯುವ ಕೆಲಸಕ್ಕೆ ಬೆಕ್ಕು ನಂಬುವ ಕೈ ಬೇಕು, ಅದು ಅನ್ನ ಹಾಕುವ ಮುದುಕಿಯದೇ. ವಾಹನ, ಔಷಧಿಯ ಖರ್ಚು ನಗರಸಭೆಯದಾಗಲಿ. ಹೊಲಿಗೆ ಮಾಯುವವರೆಗಿನ ಕೆಲವು ದಿನ ಬೆಕ್ಕನ್ನು ಇಡಲು ಜಾಗ ಎಲ್ಲಿ ಎಂದು ಕೇಳುವವರಿದ್ದಾರೆ. ಬೀಗ ಬಿದ್ದು ಹಾಳಾಗುತ್ತಿರುವ ಕಂಪನಿ ಕ್ವಾರ್ಟರ್ಸುಗಳು ಚಾಂಪಿಯನ್ ರೀಫ್ಸ್‌ನಲ್ಲಿ ಸಾಲುಸಾಲಾಗಿವೆ. ಗಟ್ಟಿ ಬಾಗಿಲಿರುವ ಒಂದು ಕೋಣೆ ಸಾಕು.