ಹೆಳವರ ಹೊತ್ತಿಗೆ, ತಲಾಟಿಯ ಉತಾರ

ಸುಗ್ಗಿ ಮುಗಿದು ಮನೆಯಲ್ಲಿ ಕಾಳುಕಡಿ ತುಂಬಿದ ಮೇಲೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಗಾಡಿಯಲ್ಲಿ. ಕಟ್ಟೆಯ ಮೇಲೆ ಕೂತು, ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ, ಮನೆತನದ ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹೇಳುತ್ತಾರೆ. ಕೊಟ್ಟ ಜೋಳ, ರೊಕ್ಕ ತಗೊಂಡು, ಹೊಸ ಹೆಸರುಗಳನ್ನು ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ರೋಣ ತಾಲೂಕಿನ ಅಸೂಟಿಯಂಥ ಊರಲ್ಲಿ ಮನೆತನದ ಚರಿತ್ರೆ ಹುಡುಕುವವರಿಗೆ ಇದೊಂದು ದಾಖಲೆ. ಇನ್ನೊಂದು ಹೊಲದ ಕಾಗದ, ಅಂದರೆ ತಲಾಟಿಯ ಉತಾರ; ಮತ್ತೊಂದು ಶಾಲೆಯ ರಜಿಸ್ಟರು. ಮೂರೂ ಒಂದನ್ನೊಂದು ಒಪ್ಪುವುದು ಅಪರೂಪ. ಒಪ್ಪದಿದ್ದಾಗ ಸರಕಾರಿ ಸಿಕ್ಕೆ ಇರುವ ಕಾಗದವನ್ನು ನಂಬಿ ಉಳಿದದ್ದನ್ನು ಬಿಟ್ಟುಬಿಡುವುದು ನಮ್ಮ ರೂಢಿ. ಆ ರೂಢಿಯ ಮೇಲೆಯೇ ನನ್ನ ತಕರಾರು.

ಉತಾರ ಹುಟ್ಟಿದ್ದು ಕಂದಾಯಕ್ಕಾಗಿ, ವಂಶ ಹೇಳುವುದಕ್ಕಲ್ಲ. ಕೂಡಿದ ಮನೆಯಲ್ಲಿ ಹಿರಿಯನ ಹೆಸರೊಂದೇ ಅದರಲ್ಲಿ ಏರಿದ್ದುಂಟು. ವಾಟ್ನಿ (ಪಾಲು) ಆಗುವವರೆಗೆ ತಮ್ಮಂದಿರು ಆ ಕಾಗದದಲ್ಲಿ ಕಾಣುವುದಿಲ್ಲ. ದತ್ತಕ ಹೋದವನಿಗೆ ಶಾಲೆಯಲ್ಲಿ ಹೆತ್ತ ತಂದೆಯ ಹೆಸರು, ಹೊಲದ ಕಾಗದದಲ್ಲಿ ದತ್ತಕ ತಗೊಂಡವನ ಹೆಸರು. ಗೊತ್ತಿಲ್ಲದವರು ಒಬ್ಬನನ್ನೇ ಇಬ್ಬರೆಂದು ಬರೆಯುತ್ತಾರೆ. ಉಲ್ಟಾ ತಪ್ಪೂ ಆಗುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಸೀಮೆ ನಮ್ಮದು: ಬಸಪ್ಪನ ಮಗ ವೀರಪ್ಪ, ವೀರಪ್ಪನ ಮಗ ಮತ್ತೆ ಬಸಪ್ಪ. ಇಬ್ಬರು ಬಸಪ್ಪರನ್ನು ಒಬ್ಬನೆಂದು ಓದಿದರೆ ಎರಡು ತಲೆಮಾರೇ ಮಾಯ. ಇನ್ನು ಮರಾಠಿಯ ಮೋಡಿ ಲಿಪಿಯ ಹಳೆಯ ಕಾಗದಗಳಿದ್ದರೆ, ಆ ಲಿಪಿಯಲ್ಲಿ ಕನ್ನಡದ ಎ–ಏ, ಒ–ಓ ಭೇದವೇ ಇಲ್ಲ. ಕನ್ನಡಕ್ಕೆ ಇಳಿಸುವಾಗ ಹೆಸರು ಕೆಡುವುದು ಸಹಜ.

ಶಾಲೆಯ ರಜಿಸ್ಟರಿನಲ್ಲಿ ಊರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ತಲೆಯ ಮೇಲಿಂದ ಕೈ ಹಾಕಿ ಇನ್ನೊಂದು ಕಿವಿ ಮುಟ್ಟಿದ ಹುಡುಗನಿಗೆ ಗುರುಗಳು ಅಂದಾಜಿನ ಮೇಲೆ ಕೊಟ್ಟ ತಾರೀಖು ಅದು. ಅದಕ್ಕಿಂತ ಹಿರಿಯರ ಮಾತೇ ವಾಸಿ ಎನ್ನೋಣವೆಂದರೆ ಅಲ್ಲೂ ತೊಡಕಿದೆ. ‘ಧಾತು ಸಂವತ್ಸರದಾಗ ಹುಟ್ಟಿದಾಂವ’ ಎಂದರೆ ದೊಡ್ಡ ಬರ ಬಿದ್ದ 1876–77 ಆಗಬಹುದು, 1936–37ನೂ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ.

ಹೆಳವರ ಹೊತ್ತಿಗೆಗೆ ಹೊಲದ ಹಂಗಿಲ್ಲ, ಅದೇ ಅದರ ಬಲ. ಓದುವುದು ಓಣಿಯವರ ಎದುರಿಗೆ. ಹೆಸರು ತಪ್ಪಿದರೆ ಪಡಸಾಲೆಯಲ್ಲಿ ಕೂತ ಮುದುಕಿ ಅಲ್ಲೇ ತಿದ್ದುತ್ತಾಳೆ. ಯಾವ ಕಚೇರಿಯಲ್ಲೂ ಇಂಥ ತಪಾಸಣೆ ಇಲ್ಲ. ಆದರೆ ಕಾಳು ಕೊಡುವವರ ಮುಂದೆ ಮೂಲಪುರುಷ ಬಡವನಾಗುವುದು ಕಷ್ಟ. ಆದ್ದರಿಂದ ಮೊದಲ ಕೆಲವು ತಲೆಮಾರಿನ ವೈಭವವನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ. ಎರಡು ಭೇಟಿಗಳ ನಡುವೆ ಹುಟ್ಟಿ ತೀರಿಕೊಂಡ ಕೂಸೂ ಅದರಲ್ಲಿ ಸಿಗಲಾರದು.

ಇದಕ್ಕಿಂತ ದೊಡ್ಡ ಕೊರತೆ ಹೆಣ್ಣುಮಕ್ಕಳದು. ಹೊತ್ತಿಗೆ ನಡೆಯುವುದು ಗಂಡಿನ ಸಾಲಿನಲ್ಲಿ. ಮೇಲಾಗಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಲ್ಲೇ ಸೊಸೆಯ ಹೆಸರು ಬದಲಾಗುತ್ತದೆ. ತಾಟಿನ ಅಕ್ಕಿಯಲ್ಲಿ ಗಂಡ ಬೆರಳಿನಿಂದ ಹೊಸ ಹೆಸರು ಬರೆಯುತ್ತಾನೆ. ಅಕ್ಕಿ ಕಲೆಸಿಹೋಗುತ್ತದೆ, ತವರಿನ ಹೆಸರೂ ಅದರ ಜೊತೆಗೆ. ಮುಂದೆ ವಾರಸಾ ಅರ್ಜಿಗೆ ವಂಶಾವಳಿ ಬರೆಸುವಾಗ ಕೊಟ್ಟ ಹೆಣ್ಣುಮಕ್ಕಳನ್ನು ಬೇಕೆಂದೇ ಬಿಡುವುದೂ ಉಂಟು. ಇದು ಕೈತಪ್ಪಲ್ಲ, ಅನ್ಯಾಯ.

ಅಡ್ಡಹೆಸರೂ ದಾರಿ ತಪ್ಪಿಸಬಲ್ಲದು. ಧಾರವಾಡ ಜಿಲ್ಲೆಯಲ್ಲಿ ‘ಅಸೂಟಿ’ ಅಡ್ಡಹೆಸರಿನವರಿದ್ದಾರೆ. ಅಸೂಟಿಯಲ್ಲೇ ಉಳಿದವರನ್ನು ಯಾರೂ ಅಸೂಟಿಯವರೆಂದು ಗುರುತಿಸಬೇಕಾಗಿಲ್ಲ. ಊರು ಬಿಟ್ಟವರಿಗೆ ಅಂಟುವ ಹೆಸರದು. ಬಿಟ್ಟದ್ದು ಯಾವಾಗ, ಯಾವ ಮನೆಯವರು ಎಂಬುದನ್ನು ಅದು ಹೇಳದು. ಇಬ್ಬರು ಅಸೂಟಿಯವರು ಅಣ್ಣತಮ್ಮಂದಿರೇ ಆಗಿರಬೇಕೆಂದಿಲ್ಲ. ಹಳೆಯ ಕಾಗದ ಹುಡುಕುವವರು ಇನ್ನೊಂದನ್ನೂ ನೆನಪಿಡಬೇಕು: ಈ ಊರು 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, 1997ರವರೆಗೆ ಧಾರವಾಡ ಜಿಲ್ಲೆಯಲ್ಲಿ.

ಹೀಗಾಗಿ ಒಂದನ್ನು ಗೆಲ್ಲಿಸಿ ಇನ್ನೊಂದನ್ನು ಒರೆಸುವ ವಂಶಾವಳಿಯನ್ನು ನಾನು ನಂಬುವುದಿಲ್ಲ. ಎರಡೂ ಹೆಸರು, ಎರಡೂ ತಾರೀಖು ಇರಲಿ; ಯಾವುದು ಯಾವ ಕಾಗದದ್ದು, ಯಾರು ಹೇಳಿದ್ದು ಎಂಬುದು ಪಕ್ಕದಲ್ಲಿರಲಿ. ಈ ಸಲ ಹೆಳವರು ಮನೆಗೆ ಬಂದಾಗ ಅಜ್ಜಿಯನ್ನು ಹೊರಗೆ ಕರೆದು ಕೂಡ್ರಿಸಿರಿ. ಅವಳ ತವರೂರನ್ನೂ, ಅಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರನ್ನೂ ಅವಳ ಬಾಯಿಂದಲೇ ಬರೆಸಿರಿ.