ವಾದದ ಹಾಡು, ಹೊರಗಿನ ಕಿವಿ

ಯೂರೋಪಿನ ‘ಯೂರೋವಿಜನ್’ ಗೀತಸ್ಪರ್ಧೆಯು 1956ರಲ್ಲಿ ಲುಗಾನೋ ನಗರದಲ್ಲಿ 7 ದೇಶಗಳಿಂದ ಮೊದಲಾಗಿ, 2015ರಲ್ಲಿ ದೂರದ ಆಸ್ಟ್ರೇಲಿಯವನ್ನೂ ಸೆಳೆದುಕೊಂಡಿತು. ಭಾಷೆಯರಿಯದವರಿಗೂ ಅದು ರುಚಿಸುವುದೇಕೆಂಬುದನ್ನು ತಿಕೋಟೆಯ ಸೀಮೆಯವರು ಹರದೇಶಿ-ನಾಗೇಶಿ ಮೇಳಗಳಿಂದಲೇ ಅರಿಯಬಹುದು. ಶಿವನು ಹೆಚ್ಚೋ ಶಕ್ತಿಯು ಹೆಚ್ಚೋ ಎಂದು ಇರುಳೆಲ್ಲ ವಾದ ನಡೆಯುವಲ್ಲಿ ಕೇಳುವವನು ಮೊದಲು ಪಕ್ಷ ಹಿಡಿಯುತ್ತಾನೆ. ಅರ್ಥವು ಆಮೇಲಿನ ಮಾತು. ಕಲ್ಗಿ-ತುರಾ ಬಲ್ಲ ಜತ್ತಿನ ಮರಾಠಿಗನಿಗೆ ಕನ್ನಡದ ಪ್ರಾಸ ತಪ್ಪಿಹೋದರೂ, ಸವಾಲು ಬಿದ್ದೊಡನೆ ಎದುರು ಮೇಳವು ತಡವರಿಸಿದುದು ತಿಳಿಯದೆ ಇರದು. ಹಿಮ್ಮೇಳದ ‘ಗೀ ಗೀ’ಗಂತೂ ಯಾವ ಭಾಷೆಯೂ ಬೇಡ! ಯೂರೋಪಿನ ಹಾಡಾದರೋ 3 ನಿಮಿಷದೊಳಗೆ ಮುಗಿಯಬೇಕು. ಎದುರಾಳಿಗೆ ಜವಾಬು ಕೊಡುವ ಎಡೆಯೇ ಇಲ್ಲ. 1999ರಲ್ಲಿ ಭಾಷೆಯ ಕಟ್ಟು ಸಡಿಲಿದ ತರುವಾಯ ಹಲವು ದೇಶಗಳು ಇಂಗ್ಲಿಷಿಗೆ ಹೊರಳಿದುದು ಹೊರಗಿನ ಕಿವಿಯ ಮೇಲಣ ಅಪನಂಬಿಕೆಯೇ ಸರಿ. ಮರಾಠಿಗನು ಎದುರಿಗೆ ಕುಳಿತಿದ್ದಾನೆಂದು ಹರದೇಶಿಯವನು ತನ್ನ ಕನ್ನಡವನ್ನು ತೆಳುಮಾಡುವುದಿಲ್ಲ.